ಕಾರ್ಖಾನೆಯ ಹಂಸಪಾದ

ತಾಳೆಗರಿಯ ಕಟ್ಟುಗಳನ್ನು ಬಿಚ್ಚಿ ಓದಿದವರಿಗೆ ಹಂಸಪಾದ ಗೊತ್ತು. ಪ್ರತಿ ಮಾಡುವಾಗ ಲಿಪಿಕಾರನು ಒಂದು ಅಕ್ಷರವನ್ನೋ ಪದವನ್ನೋ ಬಿಟ್ಟು ಮುಂದೆ ಹೋಗಿರುತ್ತಾನೆ. ಕಂಠದಿಂದ ಗೀರಿದ್ದು ಗೀರಿಯಾಯಿತು, ಅಳಿಸಲು ಬಾರದು. ಹೊಸ ಗರಿ ಎತ್ತಿಕೊಂಡರೆ ಮಾಡಿದ ಶ್ರಮವೆಲ್ಲ ವ್ಯರ್ಥ. ಆಗ ಅವನು ಬಿಟ್ಟ ಜಾಗದಲ್ಲಿ ಹಂಸದ ಹೆಜ್ಜೆಯಂಥ ಒಂದು ಗುರುತು ಹಾಕಿ, ಬಿಟ್ಟುಹೋದದ್ದನ್ನು ಸಾಲಿನ ಮೇಲೋ ಅಂಚಿನಲ್ಲೋ ಬರೆಯುತ್ತಾನೆ. ಹಂಸಪಾದವಿರುವ ಪ್ರತಿಯನ್ನು ಯಾರೂ ಖೋಟಾ ಎನ್ನುವುದಿಲ್ಲ. ಬರೆದವನು ಬರೆದದ್ದನ್ನು ಮತ್ತೊಮ್ಮೆ ಓದಿದ್ದಾನೆ ಎಂಬುದಕ್ಕೆ ಅದೇ ಸಾಕ್ಷಿ.

ನಾನು ಹೇಳಹೊರಟಿರುವುದು ಇನ್ನೊಂದು ಬಗೆಯ ಹಂಸಪಾದದ ಮಾತು. ಅದು ಇರುವುದು ಗರಿಯ ಮೇಲಲ್ಲ, ಹಳೆಯ ವಿಡಿಯೋ ಗೇಮಿನ ಪ್ಲಾಸ್ಟಿಕ್ ಡಬ್ಬಿಯೊಳಗೆ. ಕಾರ್ಖಾನೆಯಿಂದ ಹೊರಬೀಳುವ ಮುನ್ನ ಯಾರೋ ಕೈಯಿಂದ ಬೆಸೆದ ಒಂದು ತುಂಡು ತಂತಿ, ಚೂರಿಯ ತುದಿಯಿಂದ ಕತ್ತರಿಸಿದ ಒಂದು ತಾಮ್ರದ ಗೆರೆ, ಒಂದು ಹನಿ ಸೀಸ. ಇಷ್ಟು ಸಣ್ಣ ವಸ್ತುವಿಗೆ ಇತಿಹಾಸವೇನು ಎಂದು ಓದುಗರು ಕೇಳಬಹುದು. ಅಂಥದೊಂದು ತಂತಿಯ ದೆಸೆಯಿಂದ ನಮ್ಮ ಮನೆಯವರು ಒಮ್ಮೆ ಕಳ್ಳರೆನ್ನಿಸಿಕೊಂಡಿದ್ದರು. ಆದ್ದರಿಂದ ಮೊದಲು ಆ ಸಂಗತಿಯನ್ನು ಹೇಳಿ ಮುಂದುವರಿಯುತ್ತೇನೆ.

ಗಡಹಿಂಗ್ಲಜದ ಬೇಸಿಗೆ

ನಮ್ಮದು ಮಗ್ಗದ ಮನೆತನ. ಅಜ್ಜನ ಕಾಲಕ್ಕೆ ರಬಕವಿ-ಬನಹಟ್ಟಿಯ ಕಡೆಯಿಂದ ಇಚಲಕರಂಜಿಗೆ ಬಂದು ನೆಲೆಸಿದವರು. ಅಪ್ಪ ಅಲ್ಲಿಯ ಒಂದು ಯಂತ್ರಮಗ್ಗದ ಕಾರ್ಖಾನೆಯಲ್ಲಿ ಜಾಬರ್ ಆಗಿದ್ದರು, ಅಂದರೆ ಕೆಟ್ಟ ಮಗ್ಗವನ್ನು ಸರಿಮಾಡಿ ಮತ್ತೆ ಓಡಿಸುವವರು. ಅವ್ವನ ತವರು ಗಡಹಿಂಗ್ಲಜ. ಹಿರಣ್ಯಕೇಶಿ ನದಿಯ ಆ ಊರಿನಲ್ಲಿ ನಮ್ಮ ಮಾವನ ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಪೇಟೆಯಲ್ಲಿ ಸಂಕೇಶ್ವರಿ ಮೆಣಸಿನಕಾಯಿಯ ವ್ಯಾಪಾರಕ್ಕೆ ಕೂತರೆ ಎರಡೂ. ಚಂದ್ರಗಿರಿ ಹೊಳೆಯ ದಡದ ನಿಮಗೆ ಇಂಥ ಬಾಳುವೆಯನ್ನು ನಾನು ವಿವರಿಸಬೇಕಿಲ್ಲ.

1996ರ ಬೇಸಿಗೆ ರಜೆಯಲ್ಲಿ ಮಾವನ ಮಕ್ಕಳೂ ನಾನೂ ಸೇರಿ ಒಂದು ಅಂಗಡಿಯಿಂದ ವಿಡಿಯೋ ಗೇಮನ್ನು ದಿನಬಾಡಿಗೆಗೆ ತಂದೆವು. ಆಟದ ಡಬ್ಬಿಯನ್ನು ನಾವು ‘ಕ್ಯಾಸೆಟ್ಟು’ ಎನ್ನುತ್ತಿದ್ದೆವು. ನೂರು ರೂಪಾಯಿ ಮುಂಗಡ. ಆ ಕ್ಯಾಸೆಟ್ಟು ಒಮ್ಮೆ ಓಡುತ್ತಿತ್ತು, ಒಮ್ಮೆ ಹಟ ಹಿಡಿಯುತ್ತಿತ್ತು. ಮರಳಿ ಕೊಡುವಾಗ ಅದನ್ನು ಹೇಳಿದ್ದೇ ತಪ್ಪಾಯಿತು. ಅಂಗಡಿಯಾತ ಸ್ಕ್ರೂ ಬಿಚ್ಚಿ ನೋಡಿದ. ಒಳಗೆ ಹಸಿರು ಬೋರ್ಡಿನ ಮೇಲೆ ಒಂದು ತುದಿಯಿಂದ ಇನ್ನೊಂದು ತುದಿಗೆ ಹಳದಿ ತಂತಿಯೊಂದು ಹಾಯ್ದಿತ್ತು. “ಒಳಗಿನ ಮಾಲು ಬದಲಿಸಿದ್ದೀರಿ. ಕಂಪನಿಯ ಮಾಲಿನಲ್ಲಿ ಹೀಗೆ ತಂತಿ ಇರುವುದಿಲ್ಲ” ಎಂದು ಮರಾಠಿಯಲ್ಲಿ ಗದರಿ, ಮುಂಗಡವನ್ನು ಇಟ್ಟುಕೊಂಡ. ಅಂಗಡಿಯಲ್ಲಿ ನಿಂತಿದ್ದವರೆಲ್ಲ ನಮ್ಮನ್ನೇ ನೋಡಿದರು.

ರವಿವಾರ ಅಪ್ಪ ಬಂದರು.

“ನೀ ಬಿಚ್ಚೀ ಏನು, ತಮ್ಮಾ?”

“ಇಲ್ಲಪ್ಪಾ. ದೇವರಾಣಿ.”

“ಆಣಿ ಯಾಕ? ಇಲ್ಲ ಅಂದ್ರ ಸಾಕು.”

ಅವರು ಅಂಗಡಿಗೆ ಹೋಗಿ ಬೋರ್ಡನ್ನು ಕೈಯಲ್ಲಿ ಹಿಡಿದು, ಬೆಳಕಿಗೆ ತಿರುಗಿಸಿ ಬಹಳ ಹೊತ್ತು ನೋಡಿದರು. ಇದು ಹುಡುಗರ ಕೈಕೆಲಸವಲ್ಲ, ಮಾಡಿ ಮಾಡಿ ಪಳಗಿದ ಕೈಯದು ಎಂದು ಹೇಳಿದರು. ಅಂಗಡಿಯಾತ ನಕ್ಕ. ಅಪ್ಪ ಜಗಳವಾಡಲಿಲ್ಲ. ಇಚಲಕರಂಜಿಯ ಬಸ್ಸಿನಲ್ಲಿ ಕೂತ ಮೇಲೆ ಮಾತ್ರ, “ಡಾಬಿ ಗೂಟ ಬದಲಿ ಮಾಡಿದಂಗ ಐತಿ ಅದು” ಎಂದರು. ಆ ಮಾತಿನ ಅರ್ಥ ನನಗೆ ತಿಳಿಯಲು ಅನೇಕ ವರ್ಷಗಳು ಬೇಕಾದವು.

ಡಬ್ಬಿಯೊಳಗೆ ಏನಿರುತ್ತದೆ?

ನಾವು ಕ್ಯಾಸೆಟ್ಟು ಎಂದರೂ ಅದರೊಳಗೆ ಟೇಪು ಇರುವುದಿಲ್ಲ. ಅದರ ಸರಿಯಾದ ಹೆಸರು ಕಾರ್ಟ್ರಿಜ್. ಒಂದು ಸರ್ಕಿಟ್ ಬೋರ್ಡು, ಅದರ ಮೇಲೆ ಆಟವನ್ನು ಹಿಡಿದಿಟ್ಟ ಒಂದೆರಡು ಚಿಪ್ಪುಗಳು, ಬೋರ್ಡಿನ ಅಂಚಿಗೆ ಯಂತ್ರಕ್ಕೆ ಸಿಗಿಸುವ ಹೊಳೆಯುವ ಹಲ್ಲುಗಳು, ಇಷ್ಟೆ. ಇದಕ್ಕೆ ಮೊದಲು ಮನೆಯಲ್ಲಿ ಆಡುವ ಯಂತ್ರಗಳಲ್ಲಿ ಆಟವು ಯಂತ್ರದೊಳಗೇ ಸೇರಿಕೊಂಡಿರುತ್ತಿತ್ತು. ಚಿಪ್ಪಿನಲ್ಲಿ ಬರೆದ ಆಟವನ್ನು ಹೊರಗಿನಿಂದ ಸಿಗಿಸುವ ಪದ್ಧತಿ 1976ರಲ್ಲಿ ಅಮೆರಿಕದ ಫೇರ್‌ಚೈಲ್ಡ್ ಕಂಪನಿಯ ‘ಚಾನೆಲ್ ಎಫ್’ ಯಂತ್ರದಿಂದ ಆರಂಭವಾಯಿತು. ಜೆರಿ ಲಾಸನ್ ಎಂಬ ಕರಿಯ ಇಂಜಿನಿಯರರ ಮುಂದಾಳುತನದಲ್ಲಿ ಆದ ಕೆಲಸವದು. 1977ರಲ್ಲಿ ಅಟಾರಿ ಕಂಪನಿಯ ಯಂತ್ರ ಬಂತು. 1983ರಲ್ಲಿ ಜಪಾನಿನ ನಿಂಟೆಂಡೊ ಕಂಪನಿಯು ‘ಫ್ಯಾಮಿಕಾಮ್’ ಎಂಬ ಯಂತ್ರವನ್ನು ಹೊರತಂದು, 1985ರಲ್ಲಿ ಅದನ್ನೇ ಬೇರೆ ರೂಪದಲ್ಲಿ ಅಮೆರಿಕಕ್ಕೆ ಒಯ್ದಿತು.

ನಮ್ಮ ದೇಶದಲ್ಲಿ ನಿಂಟೆಂಡೊ ಯಂತ್ರ ಸಮುರಾಯ್ ಎಂಬ ಹೆಸರಿನಲ್ಲಿ ಬಂದದ್ದುಂಟು. ಆದರೆ ಬಹುತೇಕ ಮನೆಗಳನ್ನು ಮುಟ್ಟಿದ್ದು ಮೀಡಿಯಾ, ಲಿಟಲ್ ಮಾಸ್ಟರ್ ಮೊದಲಾದ ಹೆಸರಿನ, ಫ್ಯಾಮಿಕಾಮನ್ನು ಅನುಕರಿಸಿ ಮಾಡಿದ ಅಗ್ಗದ ಯಂತ್ರಗಳು. ಅವುಗಳ ಕಾರ್ಟ್ರಿಜ್ಜೂ ಫ್ಯಾಮಿಕಾಮಿನದರಂತೆ 60 ಹಲ್ಲಿನದು. ಗಡಹಿಂಗ್ಲಜದಲ್ಲಿ ನಾವು ಆಡಿದ್ದು ಅಂಥದನ್ನೇ.

ಕಾರ್ಖಾನೆಯಲ್ಲೇ ಏಕೆ ತಿದ್ದಬೇಕಾಯಿತು?

ಆಟವನ್ನು ಹಿಡಿದಿಡುವ ಚಿಪ್ಪಿನಲ್ಲಿ ಎರಡು ಮುಖ್ಯ ಜಾತಿ. ಒಂದನ್ನು ಮಾಸ್ಕ್ ರಾಮ್ ಎನ್ನುತ್ತಾರೆ. ಇದರಲ್ಲಿ ಆಟವು ಚಿಪ್ಪು ತಯಾರಾಗುವಾಗಲೇ ಅಚ್ಚಿನಂತೆ ಒಳಗೆ ಬಿದ್ದಿರುತ್ತದೆ. ಸಾವಿರಗಟ್ಟಲೆ ಮಾಡಿಸಿದರೆ ಬಹಳ ಅಗ್ಗ. ಆದರೆ ಮಾಡಿಸಿದ ಮೇಲೆ ಅದರೊಳಗಿನ ಒಂದು ಚುಕ್ಕೆಯನ್ನೂ ಬದಲಿಸಲಾಗದು, ಮತ್ತು ಬೇಡಿಕೆ ಕೊಟ್ಟ ಬಳಿಕ ವಾರಗಟ್ಟಲೆ ಕಾಯಬೇಕು. ಇನ್ನೊಂದು ಈಪ್ರಾಮ್. 1971ರಲ್ಲಿ ಇಂಟೆಲ್ ಕಂಪನಿಯಲ್ಲಿ ಡೋವ್ ಫ್ರೋಮನ್ ಎಂಬವರು ರೂಪಿಸಿದ್ದು. ಇದರ ಬೆನ್ನ ಮೇಲೆ ಪುಟ್ಟ ಗಾಜಿನ ಕಿಟಕಿ ಇರುತ್ತದೆ. ಆ ಕಿಟಕಿಯ ಮೂಲಕ ಅತಿನೇರಳೆ ಬೆಳಕನ್ನು ಹಾಯಿಸಿದರೆ ಬರೆದದ್ದು ಅಳಿಸಿಹೋಗುತ್ತದೆ, ಮತ್ತೆ ಬರೆಯಬಹುದು. ಬೆಲೆ ಮಾತ್ರ ಹೆಚ್ಚು. ಆದ್ದರಿಂದ ಪರೀಕ್ಷೆಯ ಪ್ರತಿಗಳಿಗೆ ಈಪ್ರಾಮ್, ಮಾರಾಟದ ಪ್ರತಿಗಳಿಗೆ ಮಾಸ್ಕ್ ರಾಮ್ ಎಂಬುದು ಸಾಮಾನ್ಯ ಪದ್ಧತಿಯಾಯಿತು.

ತೊಡಕು ಹುಟ್ಟುವುದು ಒಂದರ ಜಾಗದಲ್ಲಿ ಇನ್ನೊಂದನ್ನು ಕೂರಿಸಬೇಕಾದಾಗ. ಅಟಾರಿಯ ಉದಾಹರಣೆ ನೋಡೋಣ. ಅದರ 6507 ಎಂಬ ಪ್ರೊಸೆಸರಿಗೆ ವಿಳಾಸದ ಗೆರೆಗಳು ಹದಿಮೂರು. ಕೊನೆಯ ಗೆರೆಯಲ್ಲಿ ವಿದ್ಯುತ್ತು ಬಂದಾಗ ಕಾರ್ಟ್ರಿಜ್ಜಿನ ಚಿಪ್ಪು ಎಚ್ಚರಗೊಂಡು ಉತ್ತರ ಕೊಡಬೇಕು. ಅಟಾರಿಯವರು ಮಾಡಿಸಿದ ಮಾಸ್ಕ್ ರಾಮ್ ಹಾಗೆಯೇ ನಡೆಯುತ್ತಿತ್ತು. ಆದರೆ ಪೇಟೆಯಲ್ಲಿ ಸಿಗುವ ಈಪ್ರಾಮ್‌ನ ಸ್ವಭಾವ ತಿರುವುಮುರುವು. ಗೆರೆಯಲ್ಲಿ ವಿದ್ಯುತ್ತು ಇಲ್ಲದಾಗ ಅದು ಎಚ್ಚರ, ಬಂದಾಗ ನಿದ್ರೆ. ಹಾಗಾಗಿ ನಡುವೆ ‘ಹೌದು’ ಎಂಬುದನ್ನು ‘ಇಲ್ಲ’ ಎಂದು ತಿರುಗಿಸಿ ಹೇಳುವ ದುಭಾಷಿ ಬೇಕು. 7404 ಎಂಬ ಸಣ್ಣ ಚಿಪ್ಪು ಈ ಕೆಲಸ ಮಾಡುತ್ತದೆ. ಬೋರ್ಡಿನ ನಕ್ಷೆಯಲ್ಲಿ ಅದಕ್ಕೆ ಜಾಗವಿಲ್ಲದಿದ್ದರೆ ಗೆರೆಯನ್ನು ಕತ್ತರಿಸಿ, ತಂತಿ ಎಳೆದು, ಹೇಗೋ ಕೂರಿಸಬೇಕು.

ಚಿಪ್ಪಿನ ಕಾಲುಗಳ ಕ್ರಮವೂ ಹೀಗೆಯೇ. ಒಂದೇ ಅಳತೆಯ ಎರಡು ಚಿಪ್ಪುಗಳು ನೋಟಕ್ಕೆ ಅವಳಿಗಳಂತಿದ್ದರೂ, ಒಂದರಲ್ಲಿ ಒಂದು ಕೆಲಸಕ್ಕಿರುವ ಕಾಲು ಇನ್ನೊಂದರಲ್ಲಿ ಬೇರೆ ಕೆಲಸಕ್ಕಿರುತ್ತದೆ. ನಿಂಟೆಂಡೊ ಬಳಸಿದ ದೊಡ್ಡ ಮಾಸ್ಕ್ ರಾಮ್‌ಗಳ ಕಾಲಿನ ಕ್ರಮವೂ ಪೇಟೆಯ ಈಪ್ರಾಮ್‌ಗಳ ಕ್ರಮವೂ ಹೊಂದುವುದಿಲ್ಲ. 1988ರಲ್ಲಿ ಇಂಥ ಚಿಪ್ಪುಗಳ ಕೊರತೆ ಬಿದ್ದು, ನಿಂಟೆಂಡೊದಂಥ ಕಂಪನಿಯ ಆಟಗಳೇ ಅಮೆರಿಕದಲ್ಲಿ ತಡವಾಗಿ ಬಂದವು. ಅಚ್ಚಾದ ಬೋರ್ಡುಗಳು ರಾಶಿಯಾಗಿ ಬಿದ್ದಿವೆ, ಬೇಕಾದ ಚಿಪ್ಪು ಇಲ್ಲ, ಬೇರೆ ಜಾತಿಯದು ಸಿಕ್ಕಿದೆ ಎಂಬ ಸ್ಥಿತಿಯಲ್ಲಿ ಯಾವ ಕಾರ್ಖಾನೆಯೂ ಬೋರ್ಡುಗಳನ್ನು ಎಸೆಯುವುದಿಲ್ಲ. ಕೆಲಸಗಾರರ ಸಾಲು ಕೂತು, ಒಂದೊಂದಕ್ಕೂ ಅದೇ ಗೆರೆ ಕತ್ತರಿಸಿ ಅದೇ ತಂತಿ ಬೆಸೆಯುತ್ತದೆ.

ತಿದ್ದುವಿಕೆ ಯಾವಾಗಲೂ ತಪ್ಪಿನಿಂದಲೇ ಹುಟ್ಟುವುದಿಲ್ಲ. ನಿಂಟೆಂಡೊದ ಸರಳ ಬೋರ್ಡುಗಳ ಮೇಲೆ ‘ಎಚ್’ ಮತ್ತು ‘ವಿ’ ಎಂಬ ಎರಡು ಗುರುತುಗಳಿರುತ್ತವೆ. ಯಾವುದಾದರೂ ಒಂದರ ಮೇಲೆ ಸೀಸದ ಹನಿ ಬೀಳಬೇಕು. ಚಿತ್ರದ ಎರಡು ಪುಟಗಳು ಯಂತ್ರದ ನೆನಪಿನಲ್ಲಿ ಒಂದರ ಪಕ್ಕ ಒಂದು ನಿಲ್ಲಬೇಕೋ, ಒಂದರ ಕೆಳಗೆ ಒಂದು ನಿಲ್ಲಬೇಕೋ ಎಂಬುದನ್ನು ಆ ಹನಿ ನಿಶ್ಚಯಿಸುತ್ತದೆ. ಹೀಗೆ ಒಂದೇ ಬೋರ್ಡು ಅಡ್ಡ ಓಡುವ ಆಟಕ್ಕೂ ಆದೀತು, ಮೇಲಕ್ಕೆ ಏರುವ ಆಟಕ್ಕೂ ಆದೀತು. ನಮ್ಮಲ್ಲಿ ಮಾರಾಟವಾದ ‘ಇಷ್ಟು ಆಟ ಒಂದರಲ್ಲಿ’ ಎಂಬ ಅಗ್ಗದ ಕಾರ್ಟ್ರಿಜ್ಜುಗಳ ಕೆಲವು ಬೋರ್ಡುಗಳಲ್ಲಂತೂ ತೆರೆಯ ಮೇಲೆ ಎಷ್ಟು ಆಟಗಳ ಪಟ್ಟಿ ಕಾಣಬೇಕೆಂಬುದೂ ಇಂಥ ಹನಿಗಳಿಂದಲೇ ತೀರ್ಮಾನವಾಗುತ್ತಿತ್ತು. ಚಿಪ್ಪು ಅದೇ, ಆಟಗಳೂ ಅವೇ, ಪಟ್ಟಿ ಮಾತ್ರ ಬೇರೆ!

ಇವೆಲ್ಲಕ್ಕಿಂತ ಸ್ವಾರಸ್ಯದ್ದು 1985ರ ‘ಜೈರೊಮೈಟ್’ ಎಂಬ ಆಟದ ಡಬ್ಬಿ. ಅಮೆರಿಕದ ಯಂತ್ರಕ್ಕೆ ಬೇಕಾದದ್ದು 72 ಹಲ್ಲಿನ ಬೋರ್ಡು. ಆರಂಭದ ದಿನಗಳ ಕೆಲವು ಡಬ್ಬಿಗಳನ್ನು ಬಿಚ್ಚಿದರೆ ಒಳಗೆ ಸಿಗುವುದು ಜಪಾನಿನ 60 ಹಲ್ಲಿನ ಬೋರ್ಡೇ! ಅದರ ಕೆಳಗೆ, 60ನ್ನು 72ಕ್ಕೆ ಹೊಂದಿಸುವ ಇನ್ನೊಂದು ಚಿಕ್ಕ ಬೋರ್ಡು ಸಿಗಿಸಿದೆ. ಅಮೆರಿಕದ ಯಂತ್ರ ಕೇಳುವ ಬೀಗದ ಚಿಪ್ಪೂ ಆ ಚಿಕ್ಕ ಬೋರ್ಡಿನ ಮೇಲೆಯೇ ಇದೆ. ಹೊರಗಿನ ಚೀಟಿಯಲ್ಲಿ ಇಂಗ್ಲಿಷ್ ಹೆಸರು ಜೈರೊಮೈಟ್. ಆಟ ಶುರುವಾದರೆ ತೆರೆಯ ಮೇಲೆ ಕಾಣುವುದು ಜಪಾನಿನಲ್ಲಿ ಇಟ್ಟಿದ್ದ ‘ರೋಬೋಟ್ ಜೈರೊ’ ಎಂಬ ಹೆಸರೇ. ಗಡಿ ದಾಟಿದ ವಸ್ತುವಿಗೆ ಹೊಸ ಅಂಗಿ ತೊಡಿಸಿದ್ದರು, ಒಳಗಿನ ಮಾತು ಮಾತ್ರ ತವರಿನದೇ ಆಗಿತ್ತು. ಗಡಿನಾಡಿನ ನಮಗೆ ಇದು ವಿಚಿತ್ರವೆನ್ನಿಸಲಾರದು.

ಇಚಲಕರಂಜಿಯ ಗೂಟಗಳು

ಈಗ ಅಪ್ಪನ ಮಾತಿಗೆ ಬರುತ್ತೇನೆ. ಅದಕ್ಕಾಗಿ ಇಚಲಕರಂಜಿಯ ಮಗ್ಗದ ಮನೆಗೆ ಹೋಗಬೇಕು. ಕೊಲ್ಹಾಪುರ ಸಂಸ್ಥಾನದ ಅಧೀನದಲ್ಲಿ ಘೋರ್ಪಡೆ ಮನೆತನದ ಜಹಗೀರಾಗಿದ್ದ ಈ ಊರಿನಲ್ಲಿ ಮೊದಲ ಯಂತ್ರಮಗ್ಗವನ್ನು ಹೂಡಿದವರು ವಿಠ್ಠಲರಾವ್ ದಾತಾರ್, 1904ರಲ್ಲಿ. ಅಲ್ಲಿಂದ ಬೆಳೆದ ಊರು ‘ಮಹಾರಾಷ್ಟ್ರದ ಮ್ಯಾಂಚೆಸ್ಟರ್’ ಎಂಬ ಹೆಸರು ಪಡೆಯಿತು. ಕೊಲ್ಹಾಪುರ ಸಂಸ್ಥಾನವು 1949ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಗಿ, 1960ರಿಂದ ಈ ಪ್ರದೇಶ ಮಹಾರಾಷ್ಟ್ರದಲ್ಲಿದೆ. ಗೆರೆಗಳು ಹೀಗೆ ಬದಲಾಗುತ್ತಿದ್ದರೂ ಕೆಲಸ ಹುಡುಕಿಕೊಂಡು ಕನ್ನಡ ಸೀಮೆಯಿಂದ ಬರುವವರು ಬರುತ್ತಲೇ ಇದ್ದರು. ನಮ್ಮ ಅಜ್ಜನೂ ಹಾಗೆ ಬಂದವರು.

ಸಾದಾ ಬಟ್ಟೆಗೆ ಮಗ್ಗದಲ್ಲಿ ವಿಶೇಷ ಏರ್ಪಾಡು ಬೇಡ. ಅಂಚಿನಲ್ಲಿ ಸಣ್ಣ ಹೂವೋ ಗೋಪುರವೋ ಬರಬೇಕಾದರೆ ಹಾಸಿನ ಎಳೆಗಳಲ್ಲಿ ಯಾವುವು ಯಾವಾಗ ಮೇಲೇಳಬೇಕೆಂದು ಮಗ್ಗಕ್ಕೆ ತಿಳಿಸಬೇಕು. ಇದನ್ನು ಮಾಡುವುದು ಡಾಬಿ. ಮರದ ಚಿಕ್ಕ ಪಟ್ಟಿಗಳನ್ನು ಸರಪಳಿಯಂತೆ ಪೋಣಿಸಿರುತ್ತಾರೆ. ಪ್ರತಿ ಪಟ್ಟಿಯಲ್ಲೂ ತೂತುಗಳ ಸಾಲು. ತೂತಿನಲ್ಲಿ ಗೂಟವಿದ್ದರೆ ಆ ಎಳೆಗಳ ಚೌಕಟ್ಟು ಮೇಲೇಳುತ್ತದೆ, ಇಲ್ಲದಿದ್ದರೆ ಕೆಳಗೇ ಉಳಿಯುತ್ತದೆ. ಸರಪಳಿ ತಿರುಗಿದಂತೆ ಲಾಳಿ ಓಡುತ್ತದೆ, ಹೂವು ಮೂಡುತ್ತದೆ. ವಿನ್ಯಾಸ ಬದಲಾಗಬೇಕಾದರೆ ಸರಪಳಿಯನ್ನು ಕಳಚಿ ಬೇರೊಂದನ್ನು ತೊಡಿಸಿದರಾಯಿತು, ಮಗ್ಗ ಅದೇ. ಕಾರ್ಟ್ರಿಜ್ಜಿನ ಹುಟ್ಟಿಗೆ ಎಷ್ಟೋ ಮೊದಲೇ ಅದರ ತತ್ವ ನಮ್ಮ ಮಗ್ಗಗಳ ತಲೆಯ ಮೇಲೆ ತಿರುಗುತ್ತಿತ್ತು.

ದೊಡ್ಡ ಚಿತ್ತಾರಕ್ಕೆ ಜಕಾರ್ಡ್ ಬೇಕು. ಅಲ್ಲಿ ಗೂಟದ ಬದಲು ತೂತು ಹೊಡೆದ ರಟ್ಟಿನ ಹಾಳೆಗಳು. ತೂತಿದ್ದಲ್ಲಿ ಸೂಜಿ ಹಾಯ್ದು ಎಳೆ ಮೇಲೇಳುತ್ತದೆ, ತೂತಿಲ್ಲದಲ್ಲಿ ಇಲ್ಲ. ಫ್ರಾನ್ಸಿನ ಲಿಯಾನ್ ನಗರದಲ್ಲಿ 1725ರಲ್ಲಿ ಬುಶೋನ್ ಎಂಬವನು ಕಾಗದದ ಸುರುಳಿಯಿಂದ, ಅವನ ತರುವಾಯ ಫಾಲ್ಕನ್ ಎಂಬವನು ರಟ್ಟಿನಿಂದ ಆರಂಭಿಸಿದ ಈ ವಿಧಾನವನ್ನು 1804ರ ಹೊತ್ತಿಗೆ ಜೋಸೆಫ್ ಮೇರಿ ಜಕಾರ್ಡ್ ಪರಿಷ್ಕರಿಸಿದ. ಕಾಸರಗೋಡು ಸೀರೆಯ ಅಂಚಿನ ಕುಸುರಿಗೂ ಇದೇ ಡಾಬಿ, ಇದೇ ಜಕಾರ್ಡ್. ಆ ಸೀರೆಯನ್ನು ಉಟ್ಟ ತಾಯಂದಿರು ಗೂಟ-ರಟ್ಟುಗಳ ಈ ಬರವಣಿಗೆಯನ್ನು ಮೈಮೇಲೆ ಹೊತ್ತಿದ್ದಾರೆ.

ತಪ್ಪಾದರೆ? ಬಟ್ಟೆಯಲ್ಲಿ ಹೂವಿನ ಒಂದು ಎಸಳು ಮುರಿದು ಕಾಣುತ್ತದೆ. ಜಾಬರ್ ಮಗ್ಗ ನಿಲ್ಲಿಸಿ, ಸರಪಳಿಯನ್ನು ಒಂದೊಂದೇ ಪಟ್ಟಿ ತಿರುಗಿಸಿ ತಪ್ಪಿದ ಜಾಗ ಹುಡುಕುತ್ತಾನೆ. ಬೇಡದ ಗೂಟವನ್ನು ಕೀಳುತ್ತಾನೆ, ಬೇಕಾದಲ್ಲಿ ಹೊಸತನ್ನು ಬಡಿಯುತ್ತಾನೆ. ರಟ್ಟಿನಲ್ಲಾದರೆ ಬೇಡದ ತೂತಿನ ಮೇಲೆ ಕಾಗದದ ತುಂಡು ಅಂಟಿಸುತ್ತಾನೆ, ಬಿಟ್ಟುಹೋದ ತೂತನ್ನು ಕೈಪಂಚಿನಿಂದ ಹೊಡೆಯುತ್ತಾನೆ. ಅದೇ ವಿನ್ಯಾಸ ನಾಲ್ಕು ಮಗ್ಗಗಳ ಮೇಲಿದ್ದರೆ ನಾಲ್ಕಕ್ಕೂ ಅದೇ ತಿದ್ದುಪಡಿ. ಹಳೆಯ ಗೂಟಗಳು ಎಣ್ಣೆ ಕುಡಿದು ಕಪ್ಪಾಗಿರುತ್ತವೆ, ಹೊಸತು ಬೆಳ್ಳಗೆ ಎದ್ದು ಕಾಣುತ್ತದೆ. ಅಪ್ಪ ಹಳದಿ ತಂತಿಯಲ್ಲಿ ಕಂಡದ್ದು ಆ ಬೆಳ್ಳನೆಯ ಗೂಟವನ್ನು.

ಅಂಟಿಸಿದ ಕಾಗದ, ನೇಯ್ದ ನೆನಪು

ಈ ಹೋಲಿಕೆ ನನ್ನ ಕಲ್ಪನೆಯಲ್ಲ. ಜಕಾರ್ಡಿನ ರಟ್ಟುಗಳನ್ನು ನೋಡಿಯೇ ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರಕ್ಕೆ ತೂತಿನ ರಟ್ಟುಗಳನ್ನು ಯೋಚಿಸಿದ್ದ. 1944ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಕೆಲಸಕ್ಕೆ ನಿಂತ ‘ಮಾರ್ಕ್ ಒಂದು’ ಎಂಬ ಗಣಕವೂ ತೂತು ಹೊಡೆದ ಕಾಗದದ ಪಟ್ಟಿಯಿಂದಲೇ ಆಜ್ಞೆಗಳನ್ನು ಓದುತ್ತಿತ್ತು. ಅದರ ಉಳಿದಿರುವ ಪಟ್ಟಿಯ ಮೇಲೆ ತಪ್ಪು ತೂತುಗಳನ್ನು ಮುಚ್ಚಿ ಅಂಟಿಸಿದ ಕಾಗದದ ತೇಪೆಗಳು ಇಂದಿಗೂ ಕಾಣುತ್ತವೆ. ಇಂದು ಮೊಬೈಲಿನಲ್ಲಿ ತಪ್ಪು ಸರಿಪಡಿಸಲು ಕಂಪನಿಗಳು ಕಳಿಸುವ ತಿದ್ದುಪಡಿಯನ್ನು ‘ಪ್ಯಾಚ್’ ಎನ್ನುತ್ತಾರಲ್ಲ, ಆ ಮಾತಿನ ಅರ್ಥವೇ ತೇಪೆ.

1969ರಲ್ಲಿ ಮನುಷ್ಯನನ್ನು ಚಂದ್ರನ ಮೇಲೆ ಇಳಿಸಿದ ಅಪೊಲೊ ನೌಕೆಯ ಗಣಕದಲ್ಲಿ ಆಜ್ಞೆಗಳು ಅಕ್ಷರಶಃ ನೇಯ್ದವಾಗಿದ್ದವು. ತಂತಿಯು ಪುಟ್ಟ ಉಂಗುರದ ಒಳಗೆ ಹಾಯ್ದರೆ ಒಂದು, ಹೊರಗೆ ಹಾಯ್ದರೆ ಸೊನ್ನೆ. ಮ್ಯಾಸಚೂಸೆಟ್ಸಿನ ವಾಲ್ಥಮ್ ಊರಿನಲ್ಲಿ ರೇಥಿಯಾನ್ ಕಂಪನಿಯ ಹೆಣ್ಣುಮಕ್ಕಳು ಅದನ್ನು ನೇಯ್ದರು. ಅವರಲ್ಲಿ ಬಟ್ಟೆ ಗಿರಣಿಯಲ್ಲೂ ಕೈಗಡಿಯಾರದ ಕಾರ್ಖಾನೆಯಲ್ಲೂ ದುಡಿದು ಬಂದವರಿದ್ದರು. ಆ ನೆನಪಿನ ಹಗ್ಗವನ್ನು ಒಮ್ಮೆ ನೇಯ್ದ ಮೇಲೆ ತಿದ್ದುವುದು ಬಲು ಕಷ್ಟ. ಮಾಸ್ಕ್ ರಾಮ್‌ನ ಕಥೆಯೂ ಅದೇ. ಒಳಗೆ ತಿದ್ದಲಾಗದಾಗ ಹೊರಗೆ ತಿದ್ದಬೇಕಾಗುತ್ತದೆ, ಬೋರ್ಡಿನ ಮೇಲಿನ ತಂತಿ ಹುಟ್ಟುವುದು ಅಲ್ಲಿ.

ಎರಡನೆಯ ಪ್ರತಿ

ಮುಂದೆ ನಾನು ಕೊಲ್ಹಾಪುರದಲ್ಲಿ ಟಿ.ವಿ. ಮತ್ತು ರೇಡಿಯೋ ರಿಪೇರಿಯ ಕೆಲಸ ಕಲಿತೆ. ಈ ಊರಿಗೆ ಬಿಚ್ಚಿ ನೋಡುವ ಹವ್ಯಾಸ ಹಳೆಯದು. ಇಲ್ಲಿ ಮಹಾರಾಷ್ಟ್ರ ಫಿಲ್ಮ್ ಕಂಪನಿಯನ್ನು ಕಟ್ಟಿದ ಬಾಬುರಾವ್ ಪೇಂಟರ್, ಸಿನಿಮಾ ಕ್ಯಾಮರಾವನ್ನೇ ತಮ್ಮ ಕೈಯಿಂದ ಮಾಡಿಕೊಂಡವರು. ಅಂಥ ಊರಿನ ಲಕ್ಷ್ಮೀಪುರಿಯಲ್ಲಿ ಒಂದು ದಿನ ಗುಜರಿ ಸಾಮಾನಿನ ರಾಶಿಯೊಳಗೆ ಗುರುತಿನ ಚೀಟಿಯೊಂದು ಕಂಡಿತು. ಗಡಹಿಂಗ್ಲಜದಲ್ಲಿ ನಾವು ತಂದಿದ್ದ ಆಟವೇ, ಅದೇ ಚಿತ್ರ, ಅದೇ ಬಣ್ಣದ ಡಬ್ಬಿ. ಇಪ್ಪತ್ತು ರೂಪಾಯಿ ಕೊಟ್ಟು ಕೊಂಡು, ಅಲ್ಲೇ ನಿಂತು ಬಿಚ್ಚಿದೆ.

ಒಳಗೆ ಹಳದಿ ತಂತಿ ಇತ್ತು.

ಅದೇ ಹಲ್ಲಿನಿಂದ ಹೊರಟು, ಅದೇ ಚಿಪ್ಪಿನ ಅದೇ ಕಾಲಿಗೆ ಹೋಗಿತ್ತು. ನಡುವೆ ಎರಡು ಕಡೆ ಅಂಟಿನ ಹನಿ. ಪಕ್ಕದಲ್ಲಿ ತಾಮ್ರದ ಒಂದು ಗೆರೆಯನ್ನು ಚೂರಿಯಿಂದ ಕತ್ತರಿಸಿತ್ತು. ಬೇರೆ ಬೇರೆ ಊರಿನ ಇಬ್ಬರು ರಿಪೇರಿಯವರು ಒಂದೇ ಬಣ್ಣದ ತಂತಿಯನ್ನು ಒಂದೇ ಹಾದಿಯಲ್ಲಿ ಎಳೆದು, ಒಂದೇ ಜಾಗದಲ್ಲಿ ಅಂಟು ಹಾಕುವುದು ಸಾಧ್ಯವೆ? ಬೋರ್ಡಿನ ನಕ್ಷೆ ಒಂದು ಜಾತಿಯ ಚಿಪ್ಪಿಗೆ, ಕೂರಿಸಿದ್ದು ಕಾಲಿನ ಕ್ರಮ ಬೇರೆಯಾದ ಇನ್ನೊಂದು ಜಾತಿಯ ಚಿಪ್ಪನ್ನು. ತಂತಿ ಇಲ್ಲದಿದ್ದರೆ ಆ ಆಟ ಓಡುತ್ತಲೇ ಇರಲಿಲ್ಲ. ಅಂಗಡಿಯಾತ ‘ಕಂಪನಿಯ ಮಾಲಿನಲ್ಲಿ ಇರುವುದಿಲ್ಲ’ ಎಂದದ್ದು ಕಂಪನಿಯ ಮಾಲೇ ಆಗಿತ್ತು. ಒಮ್ಮೊಮ್ಮೆ ಅದು ಹಟ ಹಿಡಿಯುತ್ತಿದ್ದುದು, ಬಹುಶಃ, ಅಂಚಿನ ಹಲ್ಲುಗಳಿಗೆ ಕೂತ ಕೊಳೆಯಿಂದ.

ಶಾಸನಗಳನ್ನು ಓದುವ ವಿದ್ವಾಂಸರ ಕ್ರಮವೂ ಇದೇ ಅಲ್ಲವೆ? ಕೊಲ್ಹಾಪುರದ ಶಿಲಾಹಾರ ಅರಸರು ಕನ್ನಡದಲ್ಲಿ ಬರೆಯಿಸಿದ ಶಾಸನಗಳು ಈ ಸೀಮೆಯಲ್ಲಿ ಹಲವಿವೆ. ಕಲ್ಲಿನ ಮೇಲೆ ಒಂದು ಅಕ್ಷರ ಸಾಲಿನಿಂದ ಕೆಳಗೆ ಇಳಿದಿದ್ದರೆ ಅದು ಕೆತ್ತಿದವನದೋ, ಆಮೇಲೆ ಯಾರೋ ಸೇರಿಸಿದ್ದೋ ಎಂದು ಅವರು ಉಳಿಯ ಗುರುತು, ಲಿಪಿಯ ತಿರುವು ನೋಡಿ ನಿರ್ಣಯಿಸುತ್ತಾರೆ. ತಂತಿಯ ವಿಷಯದಲ್ಲೂ ಕೆಲವು ಲಕ್ಷಣಗಳಿವೆ. ಕಾರ್ಖಾನೆಯ ತಂತಿ ನೇರವಾಗಿ, ಅಳತೆಗೆ ತಕ್ಕ ಉದ್ದದಲ್ಲಿ ಇರುತ್ತದೆ. ಅದರ ಬೆಸುಗೆಯ ಬಣ್ಣ ಬೋರ್ಡಿನ ಉಳಿದ ಬೆಸುಗೆಗಳೊಂದಿಗೆ ಹೊಂದುತ್ತದೆ. ಆಮೇಲಿನ ರಿಪೇರಿಯಲ್ಲಿ ಬೆಸುಗೆ ದಪ್ಪ, ಸುತ್ತ ಸುಟ್ಟ ಕಲೆ, ತಂತಿ ಉದ್ದವಾಗಿ ಸುತ್ತಿಕೊಂಡಿರುತ್ತದೆ. ಇವೆಲ್ಲ ಸೂಚನೆಗಳಷ್ಟೆ. ಗಟ್ಟಿ ಪ್ರಮಾಣವೆಂದರೆ ಎರಡನೆಯ ಪ್ರತಿ.

ನಾನು ಆ ಬೋರ್ಡನ್ನು ಇಚಲಕರಂಜಿಗೆ ಒಯ್ದು ಅಪ್ಪನ ಮುಂದೆ ಇಟ್ಟೆ. ಆಗ ಅವರಿಗೆ ಕಣ್ಣು ಮಂಜಾಗಿತ್ತು. ಬೆರಳಿನಿಂದ ತಂತಿಯನ್ನು ಸವರಿ, “ಯಾರೋ ಹೆಣಮಗಳ ಕೈ ಇರಬೇಕು, ಎಷ್ಟ್ ಸಣ್ಣ ಬೆಸದಾಳ ನೋಡು” ಎಂದರು. ನೂರು ರೂಪಾಯಿಯ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಉಳಿಸಿಕೊಳ್ಳಬೇಕಾದದ್ದು

ಆ ತಂತಿ ಬೆಸೆದವಳ ಹೆಸರು ಯಾವ ದಫ್ತರದಲ್ಲೂ ಇರಲಾರದು. ಅಪ್ಪನ ಹೆಸರಾದರೂ ಎಲ್ಲಿದೆ? ಅವರು ದುಡಿದ ಕಾರ್ಖಾನೆಯ ಕೂಲಿ ಪುಸ್ತಕದಲ್ಲಿ ನಮ್ಮ ಅಡ್ಡಹೆಸರನ್ನು ಮರಾಠಿ ಕಿವಿಗೆ ಕೇಳಿಸಿದಂತೆ ಬರೆದಿದ್ದರು, ಮುಂದೆ ಆ ಪುಸ್ತಕವೂ ಗೆದ್ದಲಿಗೆ ಹೋಯಿತು. ಇಚಲಕರಂಜಿಯಲ್ಲಿ ಲಾಳಿಯಿಲ್ಲದ ಹೊಸ ಮಗ್ಗಗಳು ಬಂದ ಮೇಲೆ ಡಾಬಿಯೂ ಜಕಾರ್ಡೂ ವಿದ್ಯುನ್ಮಾನವಾದವು, ವಿನ್ಯಾಸ ಈಗ ಪೆನ್‌ಡ್ರೈವಿನಲ್ಲಿ ಬರುತ್ತದೆ. ಹಳೆಯ ಗೂಟದ ಸರಪಳಿಗಳು ನೀರೊಲೆಗೆ ಸೌದೆಯಾದುದನ್ನು ನಾನೇ ಕಂಡಿದ್ದೇನೆ. ಕಪ್ಪು ಗೂಟಗಳ ನಡುವಿನ ಬಿಳಿ ಗೂಟಗಳೂ ಜೊತೆಗೇ ಉರಿದವು. ಅಪ್ಪನ ಕೆಲಸಕ್ಕೆ ಇದ್ದ ಬರಹ ಅದೊಂದೇ.

ಆದ್ದರಿಂದ ಓದುಗರಲ್ಲಿ ಒಂದು ಬಿನ್ನಹ. ಮಂ​ಗಳೂರಿನ ಪೇಟೆಯಿಂದಲೋ ಕೊಲ್ಲಿಯಲ್ಲಿ ದುಡಿದ ಬಂಧುಗಳಿಂದಲೋ ಬಂದ ಇಂಥ ಹಳೆಯ ಆಟದ ಡಬ್ಬಿಗಳು ತಮ್ಮ ಮನೆಯ ಅಟ್ಟದಲ್ಲಿ ಇರಬಹುದು. ಬಿಚ್ಚುವುದಾದರೆ ಸರಿಯಾದ ಅಳತೆಯ ತಿರುಗುಳಿ ಬಳಸಿರಿ. ನಿಂಟೆಂಡೊದ ಅಸಲಿ ಡಬ್ಬಿಗಳಿಗೆ ಸಾಮಾನ್ಯವಾಗಿ 3.8 ಮಿಲಿಮೀಟರಿನ ವಿಶೇಷ ಮೂತಿಯದು ಬೇಕು. ಆಟವನ್ನು ನೆನಪಿಟ್ಟುಕೊಳ್ಳುವ ಕಾರ್ಟ್ರಿಜ್ಜುಗಳಲ್ಲಿ, ಉದಾಹರಣೆಗೆ ಅಮೆರಿಕದಲ್ಲಿ 1987ರಲ್ಲಿ ಬಂದ ಜೆಲ್ಡಾದಲ್ಲಿ, ಗುಂಡಿಯಂಥ ಬ್ಯಾಟರಿ ಇರುತ್ತದೆ. ಅದನ್ನು ತೆಗೆದರೆ ಯಾರೋ ಮಗು ಉಳಿಸಿಟ್ಟ ಆಟ ಅಳಿಸಿಹೋಗುತ್ತದೆ. ಒಳಗೆ ತಂತಿ ಕಂಡರೆ ಕೀಳಬೇಡಿರಿ, ‘ಡೂಪ್ಲಿಕೇಟು’ ಎಂದು ಎಸೆಯಬೇಡಿರಿ. ಎರಡೂ ಬದಿಯ ಛಾಯಾಚಿತ್ರ ತೆಗೆದು, ಡಬ್ಬಿಯ ಚೀಟಿ, ಬೋರ್ಡಿನ ಮೇಲಿನ ಸಂಖ್ಯೆ, ಎಲ್ಲಿಂದ ಬಂತೆಂಬ ವಿವರವನ್ನು ಬರೆದಿಡಿರಿ. ಎರಡನೆಯ ಪ್ರತಿ ಎಲ್ಲೋ ಯಾರದೋ ಮನೆಯಲ್ಲಿ ಇದ್ದೇ ಇರುತ್ತದೆ.

ಹಳೆಯ ಮಗ್ಗ, ಹಳೆಯ ಬೀರು, ಹಳೆಯ ಲೆಕ್ಕದ ಪುಸ್ತಕಗಳ ವಿಷಯವೂ ಹೀಗೆಯೇ. ನುಣುಪಾಗಿ, ತಪ್ಪಿಲ್ಲದೆ ಉಳಿದು ಬಂದ ವಸ್ತುವಿನಿಂದ ಅದನ್ನು ಮಾರಿದವರ ಹೆಸರು ತಿಳಿಯುತ್ತದೆ. ಮಾಡಿದವರ ಕೈ ತಿಳಿಯುವುದು ತಿದ್ದಿದ ಜಾಗದಲ್ಲಿ. ಎರಡು ಭಾಷೆಗಳ ನಡುವೆ ಬಾಳುವ ನಮ್ಮಂಥ ಮನೆತನಗಳ ಹಿರಿಯರು ಬಿಟ್ಟುಹೋದ ಕಾಗದಪತ್ರ ಕಡಮೆ, ತಿದ್ದಿದ ಜಾಗಗಳು ಮಾತ್ರ ಬಹಳ.

ಅಪ್ಪ ಈಗ ಇಲ್ಲ. ಅವರ ಪೆಟ್ಟಿಗೆಯಲ್ಲಿ ಪಕ್ಕಡ್, ಸಣ್ಣ ಸುತ್ತಿಗೆ ಮತ್ತು ಒಂದು ಹಿಡಿ ಡಾಬಿ ಗೂಟಗಳು ಸಿಕ್ಕವು. ಒಂದೂ ಎಣ್ಣೆ ಕಾಣದ ಬಿಳಿಯ ಗೂಟಗಳು. ಹಳದಿ ತಂತಿಯ ಬೋರ್ಡನ್ನು ನಾನು ಅವುಗಳ ಜೊತೆಯಲ್ಲೇ ಇಟ್ಟಿದ್ದೇನೆ.